ಇಟಲಿಗೆ ಹೋಗಿದ್ದ ಅಜ್ಜನ ಪೆಟ್ಟಿಗೆಯಲ್ಲಿ ಇಟಲಿ ಸ್ಟಾರ್ ಏಕಿಲ್ಲ?

ಮಲಪ್ರಭಾ ದಂಡೆ | ಭಾನುವಾರ, ರಾತ್ರಿ 9.15

ಇದು ನಮ್ಮ ಮನೆಯ ವಿಷಯ. ಪದಕಗಳ ನಿಯಮ ಬಲ್ಲವರು ಈ ಬಳಗದಲ್ಲಿದ್ದಾರೆ ಎಂದು ಗೆಳೆಯರೊಬ್ಬರು ಹೇಳಿದ್ದರಿಂದ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನನ್ನ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನಿನಲ್ಲಿದ್ದರು. ಬೈಲಹೊಂಗಲ ಕಡೆಯ ನಮ್ಮ ಹಳ್ಳಿಯಿಂದ ಬೆಳಗಾವಿಗೆ ನಡೆದುಕೊಂಡೇ ಹೋಗಿ ಭರ್ತಿಯಾದರು ಎಂದು ಮನೆಯಲ್ಲಿ ಹೇಳುತ್ತಾರೆ. 1991ರಲ್ಲಿ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅವರ ತಗಡಿನ ಪೆಟ್ಟಿಗೆ ತೆರೆದಾಗ ಮೂರೇ ಪದಕಗಳು ಸಿಕ್ಕವು. ಎರಡು ಆರು ಮೂಲೆಯ ನಕ್ಷತ್ರಗಳು, ಒಂದು ದುಂಡನೆಯ ಬಿಳಿ ಪದಕ. ಒಂದು ನಕ್ಷತ್ರದ ಮೇಲೆ 1939–1945 ಎಂದಿದೆ, ಇನ್ನೊಂದರ ಮೇಲೆ ಆಫ್ರಿಕಾ ಎಂದಿದೆ.

ಆದರೆ ಅಜ್ಜ ಬದುಕಿದ್ದಷ್ಟು ದಿನ ಹೇಳಿದ್ದು ಇಟಲಿಯ ಮಾತನ್ನು. ಹಿಮದ ಮಾತು, ಗುಡ್ಡದ ಮಾತು. ರೊಟ್ಟಿಗೆ 'ಪಾನೆ' ಅನ್ನುತ್ತಿದ್ದರು, ನೀರಿಗೆ 'ಆಕ್ವಾ'. ಮೂರು ವರ್ಷ ಅಲ್ಲಿದ್ದೆ ಎಂದೇ ಹೇಳುತ್ತಿದ್ದರು. ಹಾಗಾದರೆ ಇಟಲಿ ಸ್ಟಾರ್ ಎಂಬ ಇಟಲಿಯ ನಕ್ಷತ್ರಪದಕ ಎಲ್ಲಿ? ಪೆಟ್ಟಿಗೆಯ ಕೀಲಿ ಆಗ ನನ್ನ ಚಿಕ್ಕಪ್ಪನ ಹತ್ತಿರ ಇತ್ತು. ಅವರೇ ಅದನ್ನು ಖಡೇಬಜಾರಿನಲ್ಲಿ ಮಾರಿಕೊಂಡರು ಎಂದು ನನ್ನ ತಂದೆ ತಿಳಿದರು. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತು. ತಂದೆ ಹೋದ ವರ್ಷ ತೀರಿಕೊಂಡರು, ಮಾತನಾಡದೆಯೇ ಹೋದರು. ಚಿಕ್ಕಪ್ಪನಿಗೆ ಈಗ ಎಪ್ಪತ್ತಮೂರು. ಆ ಪದಕ ನಿಜವಾಗಿ ಬಂದಿತ್ತೇ, ಬಂದಿರಲೇ ಇಲ್ಲವೇ, ಇಷ್ಟು ತಿಳಿದರೆ ಸಾಕು.

ಶಹಾಪುರದ ಪದಕಪ್ರಿಯ | ರಾತ್ರಿ 9.48

ಮೊದಲು ಒಂದು ಕೈಮುಗಿದ ವಿನಂತಿ. ಪದಕಗಳನ್ನು ಹುಣಸೆಹಣ್ಣಿನಿಂದ ತಿಕ್ಕಬೇಡಿ, ಪಾಲಿಶ್ ಹಚ್ಚಬೇಡಿ. ನಮ್ಮ ಕಡೆ ದೀಪಾವಳಿಗೆ ದೇವರ ಸಾಮಾನಿನ ಜೊತೆ ಪದಕಗಳನ್ನೂ ತೊಳೆದು ಅಕ್ಷರ ಅಳಿಸಿ ಹೋದ ಎಷ್ಟೋ ಮನೆಗಳನ್ನು ಕಂಡಿದ್ದೇನೆ.

ಆ ಅಕ್ಷರಗಳೇ ನಿಮ್ಮ ಆಸ್ತಿ. ಈ ನಕ್ಷತ್ರಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರು ಕೆತ್ತದೆ ಕೊಟ್ಟರು. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಸೈನಿಕರಿಗೆ ಮಾತ್ರ ಹೆಸರು ಕೆತ್ತಿ ಕೊಟ್ಟರು. ಬೆನ್ನಿನ ಕಡೆ ತಿರುಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಂಖ್ಯೆ, ಹುದ್ದೆ, ಹೆಸರು ಕಾಣಬೇಕು. ದುಂಡನೆಯದು 1939–45ರ ವಾರ್ ಮೆಡಲ್. ಸಿಂಹವೊಂದು ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತಿದ್ದರೆ ಅದೇ. ಸೈನ್ಯದಲ್ಲಿ ಎಲ್ಲಿಯೇ ಆಗಲಿ 28 ದಿನ ಪೂರ್ಣಾವಧಿ ಸೇವೆ ಮಾಡಿದ್ದರೂ ಅದು ಸಿಗುತ್ತಿತ್ತು.

ಅಥಣಿಯ ರೈತ | ರಾತ್ರಿ 10.05

ನಮ್ಮ ಮನೆಯಲ್ಲಿಯೂ ಆಫ್ರಿಕಾ ಸ್ಟಾರ್ ಇದೆ. ಮರಳು ಬಣ್ಣದ ಬಟ್ಟೆಪಟ್ಟಿ, ನಡುವೆ ಕೆಂಪು. ನಮ್ಮದರ ಪಟ್ಟಿಯ ಮೇಲೆ '8' ಎಂಬ ಸಣ್ಣ ಲೋಹದ ಅಂಕಿ ಇದೆ. ನಿಮ್ಮದರ ಮೇಲೆ ಇದೆಯೇ? ಇಲ್ಲದಿದ್ದರೆ ಅದೂ ಬದಲಾಗಿರಬಹುದು.

ಮಲಪ್ರಭಾ ದಂಡೆ | ರಾತ್ರಿ 10.20

'8' ಇಲ್ಲ. ಇದನ್ನು ಓದಿ ಎದೆ ಧಸಕ್ಕೆಂದಿತು. ಬೆನ್ನಿನ ಮೇಲೆ ಅಜ್ಜನ ಹೆಸರು ಇದೆ, ಸಿಪಾಯಿ ಎಂದಿದೆ, ಕೊನೆಗೆ ಮರಾಠಾ ಎಂದು ಇಂಗ್ಲಿಷಿನಲ್ಲಿದೆ. ಎರಡು ನಕ್ಷತ್ರಗಳ ಮೇಲೆಯೂ ಒಂದೇ ಸಂಖ್ಯೆ.

ಕ್ಯಾಂಪಿನ ನಿವೃತ್ತ ಸುಭೇದಾರ | ಸೋಮವಾರ, ಬೆಳಿಗ್ಗೆ 6.10

ತಮ್ಮಾ, '8' ಇಲ್ಲವೆಂದು ಎದೆಗುಂದಬೇಡ. ಹೆಸರು ಇದೆ, ಎರಡರ ಮೇಲೂ ಒಂದೇ ಸಂಖ್ಯೆ ಇದೆ ಅಂದ ಮೇಲೆ ಪದಕ ನಿಮ್ಮ ಅಜ್ಜನದೇ.

ಒಂದು ಮಾತನ್ನು ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇವು ಶೌರ್ಯಪದಕಗಳಲ್ಲ. ರಣರಂಗದ ಪದಕಗಳು. ಯಾವ ನೆಲದ ಮೇಲೆ, ಯಾವ ತಾರೀಕಿನಿಂದ ಯಾವ ತಾರೀಕಿನೊಳಗೆ, ಯಾವ ಕೆಲಸದ ಮೇಲೆ ನಿಂತಿದ್ದೆ ಎಂಬುದಕ್ಕೆ ಸರ್ಕಾರ ಒತ್ತಿದ ಮುದ್ರೆ ಅದು. ಹೇಡಿಗೂ ಸಿಗುತ್ತಿತ್ತು, ವೀರನಿಗೂ ಸಿಗುತ್ತಿತ್ತು, ಲೆಕ್ಕದೊಳಗೆ ಇದ್ದರೆ. ಲೆಕ್ಕದ ಹೊರಗೆ ಇದ್ದರೆ ವೀರನಿಗೂ ಸಿಗುತ್ತಿರಲಿಲ್ಲ.

ಆಫ್ರಿಕಾ ಸ್ಟಾರ್ ಲೆಕ್ಕ ಹೀಗೆ. ಉತ್ತರ ಆಫ್ರಿಕಾದ ಯುದ್ಧಪ್ರದೇಶದಲ್ಲಿ 1940ರ ಜೂನ್ 10ರಿಂದ 1943ರ ಮೇ 12ರ ನಡುವೆ ಒಂದು ದಿನ ಇದ್ದರೂ ಸಾಕು. ಪೂರ್ವ ಆಫ್ರಿಕಾದ ಎರಿಟ್ರಿಯಾ, ಅಬಿಸೀನಿಯಾ (ಈಗಿನ ಇಥಿಯೋಪಿಯಾ), ಸೊಮಾಲಿಲ್ಯಾಂಡ್ ಕಡೆಯದಾದರೆ 1941ರ ನವೆಂಬರ್ 27ರವರೆಗೆ. 1939–45 ಸ್ಟಾರ್ ಹಾಗಲ್ಲ, ಅದಕ್ಕೆ ಭೂಸೇನೆಯವನು ಯುದ್ಧಪ್ರದೇಶದಲ್ಲಿ ಆರು ತಿಂಗಳು ಕಳೆದಿರಬೇಕು.

'8' ಅಂಕಿಯ ಲೆಕ್ಕ ಇನ್ನೂ ಬಿಗಿ. ಅದು ಬ್ರಿಟಿಷರ ಎಂಟನೆಯ ಸೈನ್ಯದವರಿಗೆ. ಆದರೆ ಎಂಟನೆಯ ಸೈನ್ಯದಲ್ಲಿ ಇದ್ದವರಿಗೆಲ್ಲ ಅಲ್ಲ. 1942ರ ಅಕ್ಟೋಬರ್ 23ರಿಂದ, ಅಂದರೆ ಈಜಿಪ್ಟಿನ ಎಲ್ ಅಲಮೈನ್‌ನಲ್ಲಿ ಎರಡನೆಯ ಯುದ್ಧ ಶುರುವಾದ ದಿನದಿಂದ, 1943ರ ಮೇ 12ರವರೆಗೆ ಇದ್ದವರಿಗೆ ಮಾತ್ರ. ಅದಕ್ಕೆ ಮೊದಲು ಅದೇ ಸೈನ್ಯದಲ್ಲಿ ಅದೇ ಮರಳಿನಲ್ಲಿ ಸತ್ತವನಿಗೂ '8' ಇಲ್ಲ. ನಿಮ್ಮ ಅಜ್ಜ ಆ ತಾರೀಕಿಗೆ ಮೊದಲೇ ಆಫ್ರಿಕಾ ಬಿಟ್ಟಿರಬೇಕು. ಅಂದರೆ ಪದಕದ ಮೇಲೆ ಇಲ್ಲದ ಅಂಕಿಯೂ ಒಂದು ಸುದ್ದಿ ಹೇಳುತ್ತಿದೆ. ಪಲ್ಟನ್ ಯಾವುದು? ಮೊದಲನೆಯದೋ, ಎರಡನೆಯದೋ, ಮೂರನೆಯದೋ? ಡಿಸ್ಚಾರ್ಜ್ ಪುಸ್ತಕ ಇದ್ದರೆ ನೋಡು.

ಮಲಪ್ರಭಾ ದಂಡೆ | ಸೋಮವಾರ, ಮಧ್ಯಾಹ್ನ 1.30

ಪುಸ್ತಕ ಇದೆ ಸಾಹೇಬರೇ, ನಡುವಿನ ಪುಟಗಳನ್ನು ಗೆದ್ದಲು ತಿಂದಿದೆ. ಮೊದಲ ಪುಟದಲ್ಲಿ '2/5' ಎಂದು ಸ್ಪಷ್ಟವಾಗಿದೆ. 1939ರಲ್ಲಿ ಭರ್ತಿ, 1946ರಲ್ಲಿ ಬಿಡುಗಡೆ.

ಕ್ಯಾಂಪಿನ ನಿವೃತ್ತ ಸುಭೇದಾರ | ಸೋಮವಾರ, ಮಧ್ಯಾಹ್ನ 2.05

2/5.

ತಮ್ಮಾ, ಇದನ್ನು ಬರೆಯುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಆಗ ನಮ್ಮ ರೆಜಿಮೆಂಟಿನ ಹೆಸರು ಐದನೆಯ ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ಎರಡನೆಯ ಬಟಾಲಿಯನ್ ಎಂದರೆ 2/5. ಆ ಬಟಾಲಿಯನ್ 11ನೆಯ ಭಾರತೀಯ ಬ್ರಿಗೇಡಿನಲ್ಲಿತ್ತು. 1942ರ ಜೂನ್‌ನಲ್ಲಿ ಆ ಬ್ರಿಗೇಡ್ ಲಿಬಿಯಾದ ಟೊಬ್ರೂಕ್‌ನಲ್ಲಿತ್ತು, ಕೋಟೆಯ ಆಗ್ನೇಯ ಭಾಗದಲ್ಲಿ. ಜರ್ಮನ್ ಸೇನಾಪತಿ ರೊಮ್ಮೆಲನ ಟ್ಯಾಂಕುಗಳು ಒಳನುಗ್ಗಿದ್ದೇ ಆ ಕಡೆಯಿಂದ. ಜೂನ್ 21ರಂದು ಟೊಬ್ರೂಕ್ ಶರಣಾಯಿತು. ಸುಮಾರು 33,000 ಜನ ಸೆರೆ ಸಿಕ್ಕರು.

ನಿಮ್ಮ ಮನೆಯಲ್ಲಿ ಆ ಕಾಲದ ಕಾಗದ ಏನಾದರೂ ಇದೆಯೇ? ಹಿರಿಯರು ಯಾರಾದರೂ ಇದ್ದರೆ ಅಜ್ಜನ ಊಟದ ರೀತಿ ಹೇಗಿತ್ತು ಎಂದು ಕೇಳು. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಮಲಪ್ರಭಾ ದಂಡೆ | ಮಂಗಳವಾರ, ರಾತ್ರಿ 8.40

ನೀವು ಹೇಳಿದಂತೆ ಸೋದರತ್ತೆಗೆ ಫೋನ್ ಮಾಡಿದೆ. ಅವರು ಅಜ್ಜನ ಹಿರಿಯ ಮಗಳು. ಊಟದ ರೀತಿ ಎಂದ ಕೂಡಲೇ ಅವರಿಗೆ ನೆನಪಾಗಿದ್ದು ಇದು. ಅಜ್ಜ ಜೋಳದ ರೊಟ್ಟಿ ಮುರಿಯುವಾಗ ಎಡಗೈಯನ್ನು ಬೊಗಸೆಯಂತೆ ಕೆಳಗೆ ಹಿಡಿಯುತ್ತಿದ್ದರು. ಊಟ ಮುಗಿದ ಮೇಲೆ ಅಂಗೈಯಲ್ಲಿ ಬಿದ್ದ ಚೂರುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಗಂಗಾಳದ ಅಂಚಿಗೆ ಒಂದು ಚೂರು ಅಂಟಿದ್ದರೂ ಬೆರಳು ಒದ್ದೆ ಮಾಡಿ ಎತ್ತುತ್ತಿದ್ದರು. ಮನೆಯಲ್ಲಿ ಎರಡು ಕಣಜ ಜೋಳ ಇದ್ದಾಗಲೂ ಹಾಗೆಯೇ. ಅಜ್ಜಿ ಒಮ್ಮೆ ನಕ್ಕಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರಂತೆ.

ಅತ್ತೆಯ ಹತ್ತಿರ ಒಂದು ಕಾರ್ಡ್ ಇತ್ತು. ದೇವರ ಮನೆಯ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯಲ್ಲಿ. ಅಜ್ಜಿ ಕೊಟ್ಟಿದ್ದಂತೆ, ಯಾರಿಗೂ ತೋರಿಸಬೇಡ ಎಂದು ಹೇಳಿದ್ದರಂತೆ. ಅತ್ತೆಯ ಮೊಮ್ಮಗ ಅದರ ಫೋಟೊ ಕಳಿಸಿದ. ಮೇಲಿನ ಅಂಚು ಹರಿದಿದೆ. ಮುದ್ರಿಸಿದ ಅಕ್ಷರಗಳಲ್ಲಿ '...ದಿ ಗ್ವೆರ್ರಾ' ಎಂಬಷ್ಟು ಉಳಿದಿದೆ. ಕೆಳಗೆ 'ಪಿ.ಜಿ. 91'. ತಾರೀಕು 20-12-42. ಒಕ್ಕಣೆ ಹಿಂದೂಸ್ತಾನಿಯಲ್ಲಿದೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು. ಅಂಚೆಯವರೋ ಸೈನ್ಯದವರೋ ಎರಡು ಸಾಲಿಗೆ ಕಪ್ಪು ಮಸಿ ಬಳಿದಿದ್ದಾರೆ. ಓದಲು ಸಿಗುವುದು ಇಷ್ಟು: ನಾನು ಕ್ಷೇಮ. ಇಲ್ಲಿ ಚಳಿ ಬಹಳ. ಎತ್ತುಗಳನ್ನು ಮಾರಬೇಡಿ.

ಗೋಕಾಕದ ಇತಿಹಾಸ ಶಿಕ್ಷಕಿ | ಮಂಗಳವಾರ, ರಾತ್ರಿ 9.10

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ತಾರೀಕನ್ನು ಇನ್ನೊಮ್ಮೆ ನೋಡಿ ಅಣ್ಣಾ. 1942ರ ಡಿಸೆಂಬರ್.

ಮಿತ್ರಪಡೆಗಳು ಇಟಲಿಯ ಸಿಸಿಲಿ ದ್ವೀಪದ ದಂಡೆಗೆ ಇಳಿದದ್ದು 1943ರ ಜುಲೈ 10ರಂದು. ಇಟಲಿಯ ಮುಖ್ಯಭೂಮಿಗೆ ಸೆಪ್ಟೆಂಬರ್ 3ರಂದು. ನಿಮ್ಮ ಅಜ್ಜ ಕಾರ್ಡ್ ಬರೆದ ದಿನ ಇಟಲಿ ಪೂರ್ತಿ ಶತ್ರುವಿನ ನಾಡು. ಭಾರತೀಯ ಸೈನಿಕನೊಬ್ಬ ಆ ದಿನ ಅಲ್ಲಿ ಕುಳಿತು ಮನೆಗೆ ಕಾಗದ ಬರೆದಿದ್ದಾನೆ ಎಂದರೆ ಅವನು ಗೆದ್ದು ಹೋದವನಲ್ಲ, ಸೆರೆಯಾಳಾಗಿ ಹೋದವನು.

ಶಹಾಪುರದ ಪದಕಪ್ರಿಯ | ಮಂಗಳವಾರ, ರಾತ್ರಿ 9.25

ಅಕ್ಕ ಹೇಳಿದ್ದು ಸರಿ. ಹರಿದ ಸಾಲು 'ಪ್ರಿಜೊನಿಯೆರಿ ದಿ ಗ್ವೆರ್ರಾ' ಎಂದಿರಬೇಕು, ಇಟಾಲಿಯನ್ ಭಾಷೆಯಲ್ಲಿ ಯುದ್ಧಕೈದಿಗಳು ಎಂದು ಅರ್ಥ. ಪಿ.ಜಿ. ಎಂದರೆ ಅದೇ ಮಾತಿನ ಮೊದಲ ಅಕ್ಷರಗಳು. 91 ಶಿಬಿರದ ಸಂಖ್ಯೆ. ಅದು ಇಟಲಿಯ ನಡುಭಾಗದ ಗುಡ್ಡಗಾಡು ಅಬ್ರುಟ್ಸೊದಲ್ಲಿ, ಅವೆಟ್ಸಾನೊ ಎಂಬ ಊರಿನ ಹತ್ತಿರ ಇತ್ತು. ಭಾರತೀಯ ಕೈದಿಗಳನ್ನು ಇಟ್ಟಿದ್ದ ಶಿಬಿರ. ಅಜ್ಜ ಹೇಳುತ್ತಿದ್ದ ಹಿಮ ಅಲ್ಲಿಯದೇ ಇರಬೇಕು.

ಇಟಲಿ ಸ್ಟಾರ್ ಯಾರಿಗೆ ಎಂಬುದನ್ನು ಈಗ ಹೇಳುತ್ತೇನೆ. 1943ರ ಜೂನ್ 11ರಿಂದ 1945ರ ಮೇ 8ರ ನಡುವೆ ಸಿಸಿಲಿ ಅಥವಾ ಇಟಲಿಯಲ್ಲಿ ಯುದ್ಧಕಾರ್ಯದ ಮೇಲೆ ಇದ್ದವರಿಗೆ. ಗ್ರೀಸ್, ಯುಗೊಸ್ಲಾವಿಯಾ, ಸಾರ್ಡಿನಿಯಾ, ಕಾರ್ಸಿಕಾ ಕೂಡ ಅದರ ಲೆಕ್ಕದಲ್ಲಿ ಬರುತ್ತವೆ. ಭೂಸೇನೆಯವನಿಗೆ ಇಷ್ಟು ದಿನ ಎಂಬ ಕಟ್ಟಳೆ ಇಲ್ಲ. ಆದರೆ 'ಯುದ್ಧಕಾರ್ಯದ ಮೇಲೆ' ಎಂಬ ಮಾತು ಕಡ್ಡಾಯ. ಮುಳ್ಳುತಂತಿಯ ಒಳಗೆ ಕಳೆದ ದಿನಗಳು ಆ ಮಾತಿನೊಳಗೆ ಬರುವುದಿಲ್ಲ. ನಿಮ್ಮ ಅಜ್ಜನಿಗೆ ಇಟಲಿ ಸ್ಟಾರ್ ಬಂದಿರಲಿಲ್ಲ. ಬಾರದ ಪದಕವನ್ನು ಮಾರುವುದು ಯಾರಿಂದಲೂ ಆಗದು.

ನಮ್ಮ ರೆಜಿಮೆಂಟಿನಲ್ಲಿ ಅದು ಸಂದವರು ಬೇರೆ. 3/5ರ ಯಶವಂತ ಘಾಡ್ಗೆ 1944ರ ಜುಲೈ 10ರಂದು ಮೇಲಣ ಟೈಬರ್ ಕಣಿವೆಯಲ್ಲಿ ಒಬ್ಬನೇ ಶತ್ರುವಿನ ಮಷಿನ್‌ಗನ್ ಠಾಣೆಗೆ ನುಗ್ಗಿ ಅಲ್ಲಿಯೇ ಬಿದ್ದರು. 1/5ರ ನಾಮದೇವ ಜಾಧವ 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ಗಾಯಾಳುಗಳನ್ನು ಹೊತ್ತು ತಂದು ಮತ್ತೆ ಗುಂಡಿನ ಮಳೆಯೊಳಗೆ ಹೋದರು. ಇಬ್ಬರಿಗೂ ಬ್ರಿಟಿಷರ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್.

ಟಿಳಕವಾಡಿಯ ಓದುಗ | ಬುಧವಾರ, ಬೆಳಿಗ್ಗೆ 7.30

ನಿಯಮ ಅರ್ಥವಾಯಿತು, ಆದರೆ ಒಪ್ಪಲು ಮನಸ್ಸಾಗುತ್ತಿಲ್ಲ. ಒಬ್ಬನು ಹಡಗಿನಿಂದ ಇಳಿದು ಮರುದಿನವೇ ಯುದ್ಧ ಮುಗಿದರೂ ಇಟಲಿ ಸ್ಟಾರ್. ಇನ್ನೊಬ್ಬನು ಅದೇ ನೆಲದಲ್ಲಿ ಹಸಿದು, ನಡುಗಿ, ವರ್ಷ ಕಳೆದರೆ ಏನೂ ಇಲ್ಲ. ಇದು ಅನ್ಯಾಯ. ಅನ್ಯಾಯ ಎಂದು ಬಾಯಿಬಿಟ್ಟು ಹೇಳಬೇಕು.

ಕ್ಯಾಂಪಿನ ನಿವೃತ್ತ ಸುಭೇದಾರ | ಬುಧವಾರ, ಬೆಳಿಗ್ಗೆ 8.00

ನಿಮ್ಮ ಸಿಟ್ಟು ನನಗೂ ಇದೆ. ಆದರೆ ಇದು ಕರಿಯರಿಗೆ ಒಂದು, ಬಿಳಿಯರಿಗೆ ಒಂದು ಎಂಬ ಲೆಕ್ಕವಲ್ಲ. ಟೊಬ್ರೂಕ್‌ನಲ್ಲಿ ಅದೇ ಬ್ರಿಗೇಡಿನಲ್ಲಿ ಸ್ಕಾಟ್ಲೆಂಡಿನ ಕ್ಯಾಮರನ್ ಹೈಲ್ಯಾಂಡರ್ಸ್ ಇದ್ದರು, ಗೂರ್ಖಾಗಳಿದ್ದರು. ಅವರಿಗೂ ಇದೇ ನಿಯಮ. ಸೆರೆವಾಸಕ್ಕೆಂದೇ ಅವರ ರಾಜ ಪದಕ ಮಾಡಿಸಲಿಲ್ಲ. ಅಮೆರಿಕದವರು ಯುದ್ಧಕೈದಿಗಳ ಪದಕ ಮಾಡಿದರು, ಅದೂ 1985ರಲ್ಲಿ.

ನನ್ನದೇ ಮಾತು ಹೇಳುತ್ತೇನೆ. 1971ರಲ್ಲಿ ನಾನು ಪೂರ್ವ ರಣರಂಗದಲ್ಲಿದ್ದೆ, ಪೂರ್ವಿ ಸ್ಟಾರ್ ಬಂತು. ನನ್ನ ಅಣ್ಣ ಇಲ್ಲಿಯೇ ಬೆಳಗಾವಿಯ ತರಬೇತಿ ಮೈದಾನದಲ್ಲಿ ಹುಡುಗರನ್ನು ತಯಾರು ಮಾಡುತ್ತಿದ್ದ. ನನಗೆ ಬಂದೂಕು ಹಿಡಿಯಲು ಕಲಿಸಿದವನೂ ಅವನೇ. ಅವನ ಎದೆಯ ಮೇಲೆ ಆ ಸ್ಟಾರ್ ಇಲ್ಲ. ಮದುವೆ ಮುಂಜಿವೆಗಳಲ್ಲಿ ಜನ ನನ್ನನ್ನು ಮಾತನಾಡಿಸುತ್ತಾರೆ, ಅವನನ್ನು ಬಿಟ್ಟುಬಿಡುತ್ತಾರೆ. ಪಟ್ಟಿ ನೋಡಿ ಮನುಷ್ಯನನ್ನು ಅಳೆಯುವ ಈ ಚಾಳಿ ನನಗೆ ಸರಿ ಕಾಣುವುದಿಲ್ಲ.

ಊಟದ ರೀತಿ ಏಕೆ ಕೇಳಿದೆ ಎಂದರೆ, 1971ರ ಯುದ್ಧದಲ್ಲಿ ಸೆರೆ ಸಿಕ್ಕು ಬಂದ ಒಬ್ಬ ಜವಾನ ನನ್ನ ಕಂಪನಿಯಲ್ಲಿದ್ದ. ಅವನೂ ರೊಟ್ಟಿಯ ಕೆಳಗೆ ಕೈ ಹಿಡಿಯುತ್ತಿದ್ದ.

ಸವದತ್ತಿಯ ಮೊಮ್ಮಗಳು | ಬುಧವಾರ, ಬೆಳಿಗ್ಗೆ 11.15

ನಮ್ಮ ಮನೆಯಲ್ಲಿ ಇದಕ್ಕೆ ತಿರುವುಮುರುವಾದ ಸಂಗತಿ. ನಮ್ಮ ಮುತ್ತಜ್ಜನ ಹತ್ತಿರ ಬರ್ಮಾ ಸ್ಟಾರ್ ಇದೆ, ಆದರೆ ತಾನು ಬರ್ಮಾಕ್ಕೆ ಕಾಲಿಟ್ಟಿಲ್ಲ, ಅಸ್ಸಾಮಿನಲ್ಲಿ ಲಾರಿ ಓಡಿಸುತ್ತಿದ್ದೆ ಎಂದು ಅವರೇ ಹೇಳುತ್ತಿದ್ದರಂತೆ. ಊರಿನವರು ಸುಳ್ಳು ಪದಕ ಎಂದು ಆಡಿಕೊಂಡಿದ್ದೂ ಉಂಟು.

ಶಹಾಪುರದ ಪದಕಪ್ರಿಯ | ಬುಧವಾರ, ಮಧ್ಯಾಹ್ನ 12.40

ಸುಳ್ಳಲ್ಲ ತಂಗಿ, ಅಪ್ಪಟ ನಿಜ. ಬರ್ಮಾ ಸ್ಟಾರ್ ನಿಯಮದಲ್ಲಿ 1942ರ ಮೇ 1ರಿಂದ ಬಂಗಾಳ ಮತ್ತು ಅಸ್ಸಾಂ ಪ್ರಾಂತಗಳಲ್ಲಿನ ಸೇವೆಯನ್ನೂ ಸೇರಿಸಿದ್ದರು. ಲಾರಿ ಹೋಗದಿದ್ದರೆ ಇಂಫಾಲಕ್ಕೆ ಮದ್ದುಗುಂಡು ಹೋಗುತ್ತಿರಲಿಲ್ಲ. ಊರಿನವರಿಗೆ ಇದನ್ನು ಗಟ್ಟಿಯಾಗಿ ಹೇಳಿ.

ಅಥಣಿಯ ರೈತ | ಬುಧವಾರ, ಸಂಜೆ 6.50

'8' ವಿಷಯದಲ್ಲಿ ನಾನು ಅವಸರಪಟ್ಟು ಸಂಶಯ ಹುಟ್ಟಿಸಿದೆ, ಕ್ಷಮಿಸಿ. ಇನ್ನೊಂದು ಕೇಳಬೇಕು. ಯುರೋಪಿನಲ್ಲಿ ಸೆರೆಯಲ್ಲಿದ್ದ ಭಾರತೀಯರಲ್ಲಿ ಕೆಲವರು ನೇತಾಜಿಯವರ ಆಜಾದ್ ಹಿಂದ್ ಪಡೆಗೆ ಸೇರಿದರಲ್ಲವೇ? ಅಜ್ಜ ಅದರಲ್ಲಿ ಇದ್ದಿರಬಹುದೇ?

ಗೋಕಾಕದ ಇತಿಹಾಸ ಶಿಕ್ಷಕಿ | ಬುಧವಾರ, ಸಂಜೆ 7.30

ಸೇರಿದವರು ಸಾವಿರಾರು ಜನ, ಸೇರದೆ ಉಳಿದವರು ಅವರಿಗಿಂತಲೂ ಹೆಚ್ಚು. ಎರಡೂ ಕಡೆಯವರು ತಮ್ಮ ಮನಸ್ಸಾಕ್ಷಿಗೆ ನಿಂತವರು. ದಾಖಲೆ ಕಾಣದೆ ಯಾವ ಹಣೆಪಟ್ಟಿಯನ್ನೂ ಹಚ್ಚಬಾರದು.

ಒಂದು ಮಾತು ಸೇರಿಸುತ್ತೇನೆ. ಅಜ್ಜ ಮೂರು ವರ್ಷ ಇಟಲಿ ಎಂದಿದ್ದರು. ಇಟಲಿ 1943ರ ಸೆಪ್ಟೆಂಬರ್ 8ರಂದು ಶರಣಾಯಿತು. ಶಿಬಿರದಿಂದ ಹಲವರು ಗುಡ್ಡಕ್ಕೆ ಓಡಿದರು, ಅಲ್ಲಿಯ ರೈತರು ಅವರನ್ನು ಅಡಗಿಸಿ ಅನ್ನ ಹಾಕಿದರು. ಉಳಿದವರನ್ನು ಜರ್ಮನ್ನರು ಗೂಡ್ಸ್ ಗಾಡಿಗಳಲ್ಲಿ ತುಂಬಿ ಉತ್ತರಕ್ಕೆ ಸಾಗಿಸಿದರು. ಫ್ರಾನ್ಸಿನ ಎಪಿನಾಲ್ ಎಂಬಲ್ಲಿ ಭಾರತೀಯ ಕೈದಿಗಳ ದೊಡ್ಡ ಶಿಬಿರ ಇತ್ತು. 1944ರ ಮೇ 11ರಂದು ಅಮೆರಿಕದ ವಿಮಾನಗಳು ಅದರ ಮೇಲೆ ಬಾಂಬು ಹಾಕಿದವು. ಗೋಡೆ ಬಿದ್ದ ಜಾಗದಿಂದ ಕೈದಿಗಳು ಹೊರಬಿದ್ದರು. ಸುಮಾರು 500 ಜನ ನಡೆದು ನಡೆದು ಸ್ವಿಟ್ಜರ್ಲೆಂಡ್ ಸೇರಿದರು. ಅಜ್ಜ ಬೇರೆ ಏನಾದರೂ ಹೇಳುತ್ತಿದ್ದರೇ, ನೆನಪು ಮಾಡಿಕೊಳ್ಳಿ.

ಮಲಪ್ರಭಾ ದಂಡೆ | ಬುಧವಾರ, ರಾತ್ರಿ 10.30

ಮೈ ಜುಮ್ಮೆನ್ನುತ್ತಿದೆ ಅಕ್ಕಾ. ನಾನು ಸಣ್ಣವನಿದ್ದಾಗ ಕಾರಹುಣ್ಣಿಮೆಗೆ ಎತ್ತುಗಳಿಗೆ ಗಂಟೆ ಕಟ್ಟುವಾಗ ಅಜ್ಜ ಹೇಳುತ್ತಿದ್ದರು: 'ಆ ದೇಶದಲ್ಲಿ ಹಸುವಿನ ಕೊರಳಗಂಟೆ ನಮ್ಮ ಗುಡಿಯ ಗಂಟೆಯಷ್ಟು ದೊಡ್ಡದು, ಅದರ ಸಪ್ಪಳ ಕೇಳಿದ ದಿನ ನಾನು ಬದುಕಿದೆ.' ಅದು ಯಾವ ದೇಶ ಎಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ.

ಇನ್ನೊಂದು. ನನ್ನ ತಮ್ಮ ಒಂದು ಸಲಹೆ ಕೊಟ್ಟಿದ್ದಾನೆ. ಆನ್‌ಲೈನ್‌ನಲ್ಲಿ ಇಟಲಿ ಸ್ಟಾರ್ ಸಿಗುತ್ತದೆ, ಒಂದು ತಂದು ಮೂರರ ಜೊತೆ ಚೌಕಟ್ಟು ಹಾಕಿಸೋಣ, ಅಜ್ಜನಿಗೆ ಸಲ್ಲಬೇಕಾದದ್ದು ಸಲ್ಲಲಿ ಎನ್ನುತ್ತಾನೆ.

ಕ್ಯಾಂಪಿನ ನಿವೃತ್ತ ಸುಭೇದಾರ | ಗುರುವಾರ, ಬೆಳಿಗ್ಗೆ 5.50

ಬೇಡ ತಮ್ಮಾ. ಖಂಡಿತ ಬೇಡ. ಬೇರೆಯವನ ನಕ್ಷತ್ರವನ್ನು ತಂದು ಹಚ್ಚಿದರೆ ನಿಮ್ಮ ಅಜ್ಜ ಇಟಲಿಯಲ್ಲಿ ಕಾದಿದ ಎಂದು ಮುಂದಿನವರು ಓದುತ್ತಾರೆ. ಅವರು ಅಲ್ಲಿ ಪಟ್ಟ ಪಾಡು ಆ ಹಸಿರು ಕೆಂಪು ಪಟ್ಟಿಯ ಹಿಂದೆ ಮುಚ್ಚಿಹೋಗುತ್ತದೆ. ಮೂರು ಪದಕ ಇಡಿ, ನಾಲ್ಕನೆಯದರ ಜಾಗದಲ್ಲಿ ಆ ಕಾರ್ಡ್ ಇಡಿ. ಮೂಲ ಕಾರ್ಡನ್ನು ಬೆಳಕಿಗೆ ಒಡ್ಡಬೇಡಿ, ನಕಲು ಮಾಡಿಸಿ.

ದಾಖಲೆಗೆ ಎರಡು ದಾರಿ. ಬೆಳಗಾವಿಯಲ್ಲಿ ನಮ್ಮ ರೆಜಿಮೆಂಟಿನ ದಾಖಲೆ ಕಚೇರಿ ಇದೆ, ಸಂಖ್ಯೆ ಮತ್ತು ಹೆಸರನ್ನು ಪದಕದ ಮೇಲೆ ಇರುವ ಹಾಗೆಯೇ ಬರೆದು ಅರ್ಜಿ ಕೊಡು. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಸಿಗುವುದಿಲ್ಲ. ಇನ್ನೊಂದು, ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪತ್ರಾಗಾರ. ಎರಡನೆಯ ಮಹಾಯುದ್ಧದ ಕೈದಿಗಳ ಪಟ್ಟಿಗಳು ಅಲ್ಲಿವೆ. ಅರ್ಜಿಗಳನ್ನು ವರ್ಷದಲ್ಲಿ ಕೆಲವು ಸಲ ಮಾತ್ರ ತೆಗೆದುಕೊಳ್ಳುತ್ತಾರೆ, ಕಾದು ಹಾಕಬೇಕು. ನೀನು ಬೆಳಗಾವಿಗೆ ಬಂದ ದಿನ ಫೋನ್ ಮಾಡು, ಅರ್ಜಿ ಬರೆಯಲು ನಾನೇ ಜೊತೆಗೆ ಬರುತ್ತೇನೆ.

ಮಲಪ್ರಭಾ ದಂಡೆ | ಮುಂದಿನ ಸೋಮವಾರ, ರಾತ್ರಿ 9.00

ನಿನ್ನೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಮೂವತ್ತು ವರ್ಷಗಳ ಮೇಲೆ ಅವರ ಹೊಸ್ತಿಲು ತುಳಿದೆ. ಚಿಕ್ಕಮ್ಮ ನೀರು ಕೊಟ್ಟು ಒಳಗೆ ಹೋದರು, ಹೊರಗೆ ಬರಲಿಲ್ಲ. ಈ ಚರ್ಚೆಯನ್ನೆಲ್ಲ ಮೊಬೈಲಿನಲ್ಲಿ ಓದಿ ಹೇಳಿದೆ. ಚಿಕ್ಕಪ್ಪ ನಡುವೆ ಒಂದು ಮಾತನ್ನೂ ಆಡಲಿಲ್ಲ. ತಾರೀಕುಗಳು ಬಂದಾಗ ಮಾತ್ರ ಇನ್ನೊಮ್ಮೆ ಓದು ಎಂದರು. 1943ರ ಜೂನ್ 11 ಎಂಬುದನ್ನು ಮೂರು ಸಲ ಓದಿಸಿಕೊಂಡರು.

ಆಮೇಲೆ ಕೇಳಿದರು: 'ಇದು ನಿಮ್ಮ ಅಪ್ಪನಿಗೆ ಗೊತ್ತಾಗಿತ್ತೇನು?'

ಇಲ್ಲ ಎಂದೆ.

ಆಫ್ರಿಕಾ ಸ್ಟಾರ್ ಒಯ್ದಿದ್ದೆ, ಅವರ ಕೈಗೆ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ, ಬೆನ್ನು ತಿರುಗಿಸಿ, ಹೆಬ್ಬೆರಳಿನಿಂದ ಅಕ್ಷರಗಳನ್ನು ಸವರಿದರು. ಊಟಕ್ಕೆ ಏಳು ಎಂದರು. ಅವರು ರೊಟ್ಟಿ ಮುರಿಯುವಾಗ ನೋಡಿದೆ. ಎಡಗೈ ಕೆಳಗಿತ್ತು.

ಇಂದು ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಬೆಳಗಾವಿಗೆ ಬಂದೆವು. ಸುಭೇದಾರ ಸಾಹೇಬರು ಬಸ್ ನಿಲ್ದಾಣಕ್ಕೇ ಬಂದಿದ್ದರು. ಅರ್ಜಿಗೆ ಚಿಕ್ಕಪ್ಪ ಸಹಿ ಹಾಕಿದರು, ಮಗ ಎಂಬ ಕಡೆ. ಉತ್ತರ ಬಂದ ದಿನ ಇಲ್ಲಿಯೇ ಹಾಕುತ್ತೇನೆ. ಕಾರ್ಡಿನ ಮೇಲೆ ಮಸಿ ಬಳಿದ ಎರಡು ಸಾಲನ್ನು ಅಕ್ಷರ ಕೆಡದಂತೆ ಓದಿಸುವ ವಿಧಾನ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಚಿಕ್ಕಪ್ಪ ಅದನ್ನು ಕೇಳುತ್ತಿದ್ದಾರೆ.